ಡಾಕ್ಟ್ರ ಕಾರು ಎಣ್ಣೆ ಸುರಿಸಿದ್ದು

ಸಿಟ್ಟು ಬಂದಾಗ ಒಂದು ಲೋಟ ತಣ್ಣೀರು ಕುಡಿಯಿರಿ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಡಿದು ನೋಡಿದ್ದೇನೆ ಸ್ವಾಮಿ. ಸಿಟ್ಟು ಇದ್ದಲ್ಲೇ ಇರುತ್ತದೆ, ಜೊತೆಗೆ ಹೊಟ್ಟೆ ಗುಳುಗುಳು ಎನ್ನುತ್ತದೆ. ಉಸಿರನ್ನು ನಿಧಾನವಾಗಿ ಎಳೆದು ಬಿಡಿ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಕೊಂಚ ಹುರುಳಿದೆ ಎಂದು ಈಚೆಗೆ ಒಪ್ಪಿಕೊಂಡಿದ್ದೇನೆ. ಹಾಗೆ ಒಪ್ಪಿಸಿದ್ದು ಒಂದು ಎಂಜಿನ್ನು. ಆ ಸುದ್ದಿಗೆ ಆಮೇಲೆ ಬರುತ್ತೇನೆ.

ಮೊನ್ನೆ ನನ್ನ ಔಷಧಿ ಅಂಗಡಿಯ ಹಿಂದಿನ ಕೋಣೆ ಗುಡಿಸುತ್ತಿದ್ದಾಗ ಕಪಾಟಿನ ಸಂದಿಯಿಂದ ಒಂದು ರಟ್ಟು ಜಾರಿ ಬಿತ್ತು. ಕೆಮ್ಮಿನ ಸಿರಪ್ಪು ಬರುವ ಪೆಟ್ಟಿಗೆಯನ್ನು ಬಿಚ್ಚಿ ಹರವಿದ ರಟ್ಟು. ನಡುವೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಕಲೆ. ಹೆಂಡತಿ ಮೂಗು ಮುರಿದು, "ಬಿಸಾಕ್ರೀ ಅದನ್ನ, ಇನ್ನೂ ಯಾಕೆ ಇಟ್ಕೊಂಡೀರಿ?" ಎಂದಳು. ನಾನು ಅದನ್ನು ಹಿಡಿದುಕೊಂಡೇ ನಿಂತೆ. ಕಿವಿ ಬಿಸಿಯಾಯಿತು. ಹೋದ ವಿಜಯದಶಮಿಯಿಂದ ಈ ಯುಗಾದಿಯವರೆಗೆ ನಾನು ಪಟ್ಟ ಸಿಟ್ಟೆಲ್ಲ ಆ ರಟ್ಟಿನಲ್ಲಿ ಇಂಗಿ ಕೂತಿತ್ತು.

ಕಲೆ ಎಂಜಿನ್ ಎಣ್ಣೆಯದು. ಎಂಜಿನ್ನು ಡಾಕ್ಟ್ರ ಕಾರಿನದು.

ಹಾಗೆಂದು ನಾನು ಡಾಕ್ಟರಲ್ಲ, ನಮ್ಮಪ್ಪನೂ ಡಾಕ್ಟರಾಗಿರಲಿಲ್ಲ. ಶಿಕಾರಿಪುರದಲ್ಲಿ ಒಂದು ಕಾಲಕ್ಕೆ ಇದ್ದ ಡಾಕ್ಟರೊಬ್ಬರು ಊರು ಬಿಡುವಾಗ ತಮ್ಮ ಗುಂಡು ಮೂತಿಯ ಕಾರನ್ನು ಅಪ್ಪನಿಗೆ ಮಾರಿ ಹೋದರು. ಅಪ್ಪ ಅದಕ್ಕೆ ಬಣ್ಣ ಬಳಿಸಿದ, ಸೀಟಿಗೆ ಹೊಸ ಬಟ್ಟೆ ಹೊಲಿಸಿದ, ಸ್ಟೇರಿಂಗಿಗೆ ನೂಲಿನ ಕುಚ್ಚು ಕಟ್ಟಿದ. ಊರಿನವರು ಮಾತ್ರ ಅದನ್ನು ಕಂಡಾಗಲೆಲ್ಲ "ಡಾಕ್ಟ್ರ ಕಾರು ಬಂತು" ಎನ್ನುವುದನ್ನು ಬಿಡಲಿಲ್ಲ. ಅಪ್ಪನ ಹೆಣ ಎತ್ತುವ ದಿನವೂ ಅಂಗಳದಲ್ಲಿ ಯಾರೋ ಪುಣ್ಯಾತ್ಮ, "ಆ ಡಾಕ್ಟ್ರ ಕಾರು ಸ್ವಲ್ಪ ಆಕಡೆ ನಿಲ್ಸ್ರೀ" ಎಂದ. ಅಪ್ಪ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದೊಂದೇ ಸಮಾಧಾನ.

ಆಗ ಬೆಳಿಗ್ಗೆ ಕಾರು ಚಾಲೂ ಮಾಡುವುದೆಂದರೆ ಒಂದು ವಿಧಿ. ಮುಂದಿನ ಬಂಪರಿನ ತೂತಿನೊಳಗೆ ಉದ್ದನೆಯ ಹ್ಯಾಂಡಲ್ ತೂರಿಸಿ, ಅಪ್ಪ ಪಂಚೆ ಎತ್ತಿ ಕಟ್ಟಿ, ಬಗ್ಗಿ ತಿರುಗಿಸುತ್ತಿದ್ದ. ಆ ಹ್ಯಾಂಡಲ್ ಹೋಗಿ ಕಚ್ಚಿಕೊಳ್ಳುವುದು ಕ್ರ್ಯಾಂಕಿನ ಮೂತಿಗೆ. ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಭಾರೀ ಕಬ್ಬಿಣದ ದಂಡ ಇದೆಯಲ್ಲ, ಅದೇ ಕ್ರ್ಯಾಂಕು. ಅದರ ಮುಂತುದಿ ಮಾತ್ರ ಹೊರಗೆ ಇಣುಕುತ್ತದೆ. ಒಳಗಿನ ಎಣ್ಣೆ ಅಲ್ಲಿಂದ ಹೊರಗೆ ಬಾರದಂತೆ ಸುತ್ತಲೂ ಬಳೆಯಂಥ ಒಂದು ಸೀಲು. ಆಗ ನನಗೆ ಇದೊಂದೂ ತಿಳಿದಿರಲಿಲ್ಲ. ಹ್ಯಾಂಡಲ್ ಹಿಂದಕ್ಕೆ ಒದ್ದು ಅಪ್ಪನ ಕೈ ಮುರಿದರೆ ಗತಿಯೇನು ಎಂದು ಬಾಗಿಲ ಮರೆಯಲ್ಲಿ ನಿಂತು ನಡುಗುತ್ತಿದ್ದೆ, ಅಷ್ಟೆ. ಅಕ್ಕ ಮಾತ್ರ ಅಪ್ಪನ ಪಕ್ಕದಲ್ಲೇ ನಿಂತು, "ಇನ್ನೊಂದ್ಸಲ ಅಪ್ಪಾ, ಜೋರಾಗಿ!" ಎಂದು ಕೂಗುತ್ತಿದ್ದಳು. ನಮ್ಮಿಬ್ಬರಿಗೂ ಇರುವ ಫರಕು ಇವತ್ತಿಗೂ ಅಷ್ಟೇ. ಮಾತ್ರೆಗಳ ಅಡ್ಡಪರಿಣಾಮದ ಚೀಟಿ ಓದಿ ಓದಿ, ಮಾತ್ರೆ ನುಂಗದೆಯೇ ಅವನ್ನೆಲ್ಲ ಅನುಭವಿಸುವ ಮನುಷ್ಯ ನಾನು. ಅವಳು ಚೀಟಿ ಹರಿದು ಎಸೆಯುವವಳು.

ಅಕ್ಕನನ್ನು ಕೊಟ್ಟಿದ್ದು ಸೊರಬಕ್ಕೆ. ಅಪ್ಪ ಹೋದ ಮೇಲೆ, "ಕಾರಲ್ಲಿ ನನಗೂ ಪಾಲೈತಿ" ಎಂದು ಕೂತಳು. ಹೊಲ ಬೇಡ, ಮನೆ ಬೇಡ, ಕಾರಿನಲ್ಲಿ ಪಾಲು. ಗರಗಸ ಹಿಡಿದು ಎರಡು ಮಾಡಲಿಕ್ಕೆ ಅದೇನು ಹಲಸಿನ ಹಣ್ಣೇ? ಆಗ ಭಾವ ಒಂದು ದಾರಿ ಹೇಳಿದರು. "ದೇವರ ಪೂಜೆಗೆ ಅಣ್ತಮ್ಮಂದ್ರು ಸರದಿ ಹಾಕ್ಕೊಳಲ್ವಾ ಮಾರಾಯ? ಹಂಗೇ ಇದಕ್ಕೂ ಸರದಿ." ಹೀಗೆ ಯುಗಾದಿಯಿಂದ ಆಯುಧಪೂಜೆಯವರೆಗೆ ಕಾರು ಸೊರಬದಲ್ಲಿ, ವಿಜಯದಶಮಿಯಿಂದ ಯುಗಾದಿಯವರೆಗೆ ಶಿಕಾರಿಪುರದಲ್ಲಿ ಎಂದಾಯಿತು. ಮಳೆಗಾಲವೆಲ್ಲ ತನ್ನ ಪಾಲಿಗೆ ಬಂತು, ಕಾರು ಕೊಟ್ಟಿಗೆ ಬಿಟ್ಟು ಹೊರಡುವುದೇ ಇಲ್ಲ ಎಂದು ಅಕ್ಕನ ದೂರು. ಮಳೆಯಿಲ್ಲದ ಒಣಬಿಸಿಲೆಲ್ಲ ನನ್ನ ಪಾಲಿಗೆ, ರೇಡಿಯೇಟರ್ ಕುದಿಯುತ್ತದೆ ಎಂದು ನನ್ನ ದೂರು. ಡಿಕ್ಕಿ ಖಾಲಿ ಕಳಿಸಬಾರದೆಂಬ ಇನ್ನೊಂದು ಪದ್ಧತಿ ತಾನಾಗಿಯೇ ಬೆಳೆಯಿತು. ಸೊರಬದಿಂದ ಬಾಳೆಗೊನೆ, ಮಿಡಿ ಉಪ್ಪಿನಕಾಯಿ. ಇಲ್ಲಿಂದ ನಮ್ಮ ತುಂಡು ಹೊಲದ ಶೇಂಗಾ, ಮೆಕ್ಕೆಜೋಳ, ಮತ್ತು ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡು. ಅಕ್ಕನ ಬಚ್ಚಲು ಒಲೆಗೆ ದಿಂಡಿನಷ್ಟು ಒಳ್ಳೆಯ ಉರುವಲು ಇಲ್ಲವಂತೆ.

ಹೋದ ವಿಜಯದಶಮಿಗೆ ಸೊರಬದಿಂದ ಕಾರು ತಂದು ಮನೆಯ ಮುಂದೆ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಮೂತಿಯ ಕೆಳಗೆ ಎಣ್ಣೆ. ಬಗ್ಗಿ ನೋಡಿದರೆ ಕ್ರ್ಯಾಂಕಿನ ಮೂತಿಗೆ ಕೂತ ಪುಲ್ಲಿ ಚಕ್ರದ ಹಿಂದಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿದೆ. ಎದೆ ಧಸಕ್ಕೆಂದಿತು, ಮರುಕ್ಷಣ ಸಿಟ್ಟು ಬಂತು. ಮೊದಲು ಹೆದರಿಕೆ, ಆಮೇಲೆ ಸಿಟ್ಟು, ಇದು ನನ್ನ ಕ್ರಮ. ಭಾವನಿಗೆ ಫೋನು ಹಚ್ಚಿದೆ.

"ಭಾವ, ಕಾರಿಗೆ ಏನು ಮಾಡಿದ್ರಿ?"

"ಎಂತ ಮಾಡದು? ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಹತ್ತಿಸಿ ಕಳಿಸಿದೀವಿ."

"ಎಣ್ಣೆ ಸೋರ್ತಿದೆ."

"ಇಲ್ಲಿ ಒಂದು ಹನಿ ಸೋರಿಲ್ಲ. ಅಲ್ಲಿ ನೀನು ಎಂತ ಮಾಡಿದ್ಯೋ ಅದನ್ನ ಹೇಳು ಮೊದಲು."

ಡಿಕ್ಕಿಯಲ್ಲಿ ಭತ್ತದ ಮೂಟೆ ಹೇರಿ ಮಿಲ್ಲಿಗೆ ಓಡಿಸಿರಬೇಕು ಎಂದೆ. ಹೇರಿದ್ದು ನಿಜ, ಆದರೆ ಹಿಂದೆ ಭಾರ ಬಿದ್ದರೆ ಎಣ್ಣೆ ಮುಂದೆ ಯಾಕೆ ಬರುತ್ತದೆ ಎಂದು ಅವರು ಕೇಳಿದರು. ಉತ್ತರವಿಲ್ಲದ ಸಿಟ್ಟು ಇನ್ನೂ ಕೆಟ್ಟದ್ದು. ಫೋನು ಕುಕ್ಕೋಣವೆಂದರೆ ಈಗಿನ ಫೋನುಗಳಲ್ಲಿ ಕುಕ್ಕುವ ಅನುಕೂಲವೂ ಇಲ್ಲ. ಬೆರಳಿನಿಂದ ಗಾಜನ್ನು ಜೋರಾಗಿ ಒತ್ತಿದೆ.

ಅಲ್ಲಿಂದ ಶುರುವಾಯಿತು ಊರಿನ ಉಪಕಾರ. ನಮ್ಮೂರಿನಲ್ಲಿ ಒಂದು ಹಳೇ ಕಾರು ಬಾನೆಟ್ ಎತ್ತಿ ನಿಂತರೆ ಸಾಕು, ಹಾದಿಯಲ್ಲಿ ಹೋಗುವವರೆಲ್ಲ ನಿಂತು ತಲೆಯನ್ನು ಒಳಗೆ ತೂರಿಸುತ್ತಾರೆ. ಎಪಿಎಂಸಿಯಿಂದ ಮೆಕ್ಕೆಜೋಳ ಮಾರಿ ಬಂದವನು ದಪ್ಪ ಎಣ್ಣೆ ಹಾಕಿ ಎಂದ. ಕಾಲೇಜಿನ ಮೇಷ್ಟ್ರು ತೆಳು ಎಣ್ಣೆ ಹಾಕಿ ಎಂದರು. ಜ್ವರದ ಮಾತ್ರೆಗೆ ಬಂದ ಮುದುಕನೊಬ್ಬ, "ಗುಜರಿಗೆ ಹಾಕ್ರಿ, ಚಿಂತಿ ಬಿಡ್ತತಿ" ಎಂದು, ಮಾತ್ರೆ ತೆಗೆದುಕೊಳ್ಳುವುದನ್ನು ಮರೆತು ಹೋದ. ಅವನ ಜ್ವರ ಏನಾಯಿತೋ ಎಂದು ನಾನು ಎರಡು ದಿನ ಚಿಂತೆ ಮಾಡಿದೆ. ನನ್ನ ಕಾರಿನ ಬಗ್ಗೆ ಅವನು ಅಷ್ಟು ಹೊತ್ತೂ ಚಿಂತಿಸಿರಲಾರ.

ಕೊನೆಗೆ ಬಸಣ್ಣ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಬಸಣ್ಣ ಕಾರನ್ನು ನೋಡುವ ಮೊದಲೇ ಕಾಯಿಲೆ ಹೇಳುವವನು.

"ಸೀಲ್ ಹೋಗೈತ್ರಿ ಸಾರ್. ಸೀಲ್ ಬಿಟ್ರೆ ಬ್ಯಾರೆ ಏನೂ ಇಲ್ಲ. ಬರ್ಕೊಡ್ಲೇನ್ರಿ?"

"ಒಮ್ಮೆ ಕೆಳಗೆ ಬಗ್ಗಿ ನೋಡಬಹುದಲ್ಲ ಬಸಣ್ಣ."

"ನೀವು ಗುಳಿಗಿ ಕೊಡೋವಾಗ ಪೇಷಂಟ್ ಹೊಟ್ಟಿ ಕೊಯ್ದು ನೋಡ್ತೀರೇನ್ರಿ?"

ನನ್ನ ಅಂಗಡಿಯ ಮರ್ಯಾದೆಗೇ ಕೈ ಹಾಕಿದ. ಆದರೂ ಸುಮ್ಮನಿದ್ದೆ, ಯಾಕೆಂದರೆ ಅಷ್ಟರಲ್ಲಿ ರೇಡಿಯೇಟರ್ ಕೆಳಗಿಳಿದಿತ್ತು. ಕಳಚಿದ ಕಾರಿನ ಮುಂದೆ ಅದರ ಯಜಮಾನನಿಗೆ ಧೈರ್ಯ ಇರುವುದಿಲ್ಲ. ಪುಲ್ಲಿ ಹಿಡಿದಿರುವ ದೊಡ್ಡ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಪೈಪಿಗೆ ಸುತ್ತಿಗೆಯಿಂದ ಬಡಿದು ಬಿಚ್ಚಿದರು. ಪ್ರತಿ ಏಟಿಗೂ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಮುಂದಿನ ತಗಡಿನ ಮುಚ್ಚಳ ತೆಗೆದು, ಹಳೆ ಸೀಲು ಕಿತ್ತು, ಹೊಸದು ಕೂರಿಸಿ, ಎಲ್ಲವನ್ನೂ ಮತ್ತೆ ಕಟ್ಟಿದ. ಮನೆಗೆ ತಂದು ಕೆಳಗೆ ಈ ರಟ್ಟು ಹಾಸಿದೆ. ಬೆಳಿಗ್ಗೆ ಕಲೆ ಹಾಜರು.

ಮತ್ತೆ ಹೋದೆ. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಮತ್ತೆ ಕಲೆ. ಜೊತೆಗೆ ಒಂದು ಹೊಸ ಚೇಷ್ಟೆ. ಎಣ್ಣೆ ಎಷ್ಟಿದೆ ಎಂದು ನೋಡುವ ಕಡ್ಡಿ ಇದೆಯಲ್ಲ, ಅದು ಎಂಜಿನ್ನು ಓಡುವಾಗ ತಾನಾಗಿಯೇ ಮೇಲೆ ಏಳುತ್ತಿತ್ತು. ಒತ್ತಿ ಕೂರಿಸಿದರೆ ಮತ್ತೆ ಏಳುತ್ತಿತ್ತು. "ಅದು ಲೂಸ್ ಆಗೈತ್ರಿ, ವಯಸ್ಸಾತಲ್ಲ" ಎಂದು ಬಸಣ್ಣ ಕಡ್ಡಿಗೆ ನೂಲು ಸುತ್ತಿ ಬಿಗಿ ಮಾಡಿದ. ವಯಸ್ಸಾತು ಎಂದಾಗ ಅವನು ನನ್ನ ಕಡೆ ಯಾಕೆ ನೋಡಿದ ಎಂಬುದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ.

ತೂತು ಮುಚ್ಚುವುದೆಂದರೆ ನೆನಪಾಯಿತು. ನಮ್ಮಪ್ಪನಿಗೆ ತೆರೆದ ಬಾಯಿ ಕಂಡರೆ ಆಗುತ್ತಿರಲಿಲ್ಲ. ಔಷಧಿ ಅಂಗಡಿಯವನಲ್ಲವೇ, ಮುಚ್ಚಳವಿಲ್ಲದ ಸೀಸೆ ಅವನ ಪಾಲಿಗೆ ಬಟ್ಟೆಯಿಲ್ಲದ ಮನುಷ್ಯ. ಮನೆಯ ಸೀಮೆಎಣ್ಣೆ ಬಾಟಲಿಗೆ, ಜೇನಿನ ಸೀಸೆಗೆ, ಕೊಬ್ಬರಿ ಎಣ್ಣೆ ಡಬ್ಬಕ್ಕೆ, ನೀರಿನ ಹೂಜಿಗೆ, ಎಲ್ಲಕ್ಕೂ ಮೆಕ್ಕೆಜೋಳದ ದಿಂಡಿನ ಬಿರಡೆ. ಚಾಕುವಿನಿಂದ ಹೆರೆದು, ಬಟ್ಟೆಯ ಚೂರು ಸುತ್ತಿ, ಅಂಗೈಯಿಂದ ಗುದ್ದಿ ಕೂರಿಸುತ್ತಿದ್ದ. ಗೋಡೆಯಲ್ಲಿ ಇರುವೆ ತೂತು ಕಂಡರೂ ದಿಂಡಿನ ಚೂರು. ನಾವು ಮಕ್ಕಳು ಬಾಯಿ ತೆರೆದು ಮಲಗಲು ಹೆದರುತ್ತಿದ್ದೆವು.

ಒಮ್ಮೆ ಅಂಬ್ಲಿಗೊಳದ ಕೆರೆ ತುಂಬಿದೆ ಎಂದು ನೋಡಲು ಹೋದೆವು. ದಾರಿಯಲ್ಲಿ ರೇಡಿಯೇಟರಿನ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಅಪ್ಪ ಏರಿಯ ಮೇಲೆ ಕಾರು ನಿಲ್ಲಿಸಿ, ನೀರು ತುಂಬಿಸಿ, ಡಿಕ್ಕಿಯಿಂದ ಒಂದು ದಿಂಡು ತೆಗೆದು ಗುದ್ದಿದ. ಎಂಜಿನ್ನು ಬಿಸಿಯಾಗುತ್ತಿದ್ದಂತೆ ಠಪ್ಪೆಂದು ಶಬ್ದವಾಯಿತು. ದಿಂಡು ಉಗಿಯ ಜೊತೆ ಆಕಾಶಕ್ಕೆ ಹಾರಿ, ನಿಧಾನವಾಗಿ ತಿರುಗುತ್ತ ಹೋಗಿ ನೀರಿಗೆ ಬಿತ್ತು. ನಾನು ಸೀಟಿನ ಕೆಳಗೆ ಅವಿತುಕೊಂಡೆ. ಅಕ್ಕ ಚಪ್ಪಾಳೆ ತಟ್ಟಿದಳು. ಅಪ್ಪ ಸ್ವಲ್ಪವೂ ವಿಚಲಿತನಾಗದೆ, "ಗಟ್ಟಿ ಕೂತಿರ್ಲಿಲ್ಲ" ಎಂದು ಇನ್ನೊಂದು ದಿಂಡು ಹುಡುಕಿದ.

ಇರಲಿ. ಯುಗಾದಿ ಹತ್ತಿರ ಬರುತ್ತಿದ್ದಂತೆ ಅಕ್ಕನ ಫೋನು ಬಂತು. ಅವಳ ಮಾತಿನಲ್ಲಿ ಒಂದು ಗುಟ್ಟಿದೆ. ಸಮಾಧಾನವಿದ್ದಾಗ ಸೊರಬದ ಮಾತು, ಸಿಟ್ಟು ಬಂದರೆ ಸೀದಾ ತವರಿನ ಶಿಕಾರಿಪುರ.

"ಏ ರಾಘ್ಯಾ, ಅಂಗಳಕ್ಕ ಹೊಸಾ ಹಾಸುಗಲ್ಲು ಹಾಕ್ಸೇವಿ. ಗೊತ್ತೈತಿಲ್ಲೋ?"

"ಭಾವ ಹೇಳಿದ್ರು."

"ಒಂದೇ ಒಂದು ಹನಿ ಎಣ್ಣಿ ಅದರ ಮ್ಯಾಲೆ ಬೀಳಬೇಕು, ನೋಡು. ಸರದಿ ಅವತ್ತಿಗೇ ಮುಗೀತು. ಕಾರು ನೀನ ಇಟ್ಕ. ಅಪ್ಪನ ಕಾರನ್ನ ಇಬ್ಬರೂ ಸೇರಿ ಹಾಳು ಮಾಡೀರಿ, ನನಗ ಅದನ್ನ ನೋಡಾಕಾಗಲ್ಲ."

ಫೋನಿಟ್ಟೆ. ಕಾರು ಪೂರ್ತಿ ನನ್ನದಾಗುತ್ತದಲ್ಲ, ಖುಷಿಪಡಬೇಕಿತ್ತು. ಯೋಚಿಸಿ ನೋಡಿದೆ. ಅಕ್ಕನೂ ನಾನೂ ಫೋನಿನಲ್ಲಿ ಮಾತಾಡುವುದೆಲ್ಲ ಈ ಕಾರಿನದೇ. ಟೈರು ಸವೆದಿದೆ, ಹಾರನ್ನು ಕೂಗುವುದಿಲ್ಲ, ಡಿಕ್ಕಿಯಲ್ಲಿ ಉಪ್ಪಿನಕಾಯಿ ಚೆಲ್ಲಿದೆ. ನಾನು ಸೊರಬಕ್ಕೆ ಹೋಗುವುದು ಕಾರು ಬಿಡಲಿಕ್ಕೆ, ಇಲ್ಲವೇ ತರಲಿಕ್ಕೆ. ಕಾರಿಲ್ಲದೆ ಹೋಗಿ ಅವರ ಜಗಲಿಯಲ್ಲಿ ಕೂತು ಏನು ಮಾತಾಡುವುದು? ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದು ನನ್ನ ಗುಮಾನಿ. ಒಂದು ಸೀಲಿನ ಬಳೆ ಸೋರಿದ್ದಕ್ಕೆ ಅಕ್ಕನ ಮನೆಯ ದಾರಿಯೇ ಮುಚ್ಚಿಹೋಗುತ್ತದೆ ಎನ್ನಿಸಿದಾಗ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸುವುದೆಂದು ತಿಳಿಯದೆ, ಗಂಟಲುನೋವಿನ ಮಾತ್ರೆಗೆ ಬಂದವನಿಗೆ, "ತಣ್ಣೀರು ಯಾಕ್ರೀ ಕುಡಿತೀರಿ?" ಎಂದು ರೇಗಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೊರಟೆ. ಡಿಕ್ಕಿಯಲ್ಲಿ ದಿಂಡಿನ ಚೀಲ, ಶೇಂಗಾ, ಎಣ್ಣೆಯ ಡಬ್ಬಗಳು, ಮತ್ತು ಒಂದಿದ್ದರೆ ಸಾಲದೆಂದು ಕೊಂಡ ಮೂರು ಸೀಲುಗಳು. ಶಿರಾಳಕೊಪ್ಪದಲ್ಲಿ ನಿಲ್ಲಿಸಿ ಎಣ್ಣೆ ಹೊಯ್ದೆ. ಮುಂದೆ ಒಂದು ಮರದ ನೆರಳಿನಲ್ಲಿ ನಿಲ್ಲಿಸಿ ಮತ್ತೆ ಹೊಯ್ದೆ. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರನ್ ಹೊಡೆದು, ಪಕ್ಕಕ್ಕೆ ಬಂದು, "ಸಾರ್, ಡಾಕ್ಟ್ರ ಕಾರು ಉಚ್ಚೆ ಹೊಯ್ತತಿ!" ಎಂದು ಕೂಗಿ ಹೋದ. ಇಡೀ ಬಸ್ಸು ನಕ್ಕಿತು.

ಕಾರನ್ನು ರಸ್ತೆಯಲ್ಲೇ ಬಿಟ್ಟು ಭಾವನನ್ನು ಕರೆದು ಏನಾದರೂ ಉಪಾಯ ಮಾಡೋಣ ಎಂದುಕೊಂಡಿದ್ದೆ. ಆದರೆ ಅಕ್ಕ ಗೇಟು ತೆರೆದೇ ನಿಂತಿದ್ದಳು. ಹಾಸುಗಲ್ಲಿನ ಮೇಲೆ ನಿಲ್ಲಿಸಿ ಇಳಿದೆ. ಮೂವರೂ ಮೂತಿಯ ಕೆಳಗೆ ನೋಡುತ್ತ ನಿಂತೆವು. ಟಪ್ ಎಂದಿತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, "ನಾಳೆ ಊಟ ಮಾಡ್ಕಂಡು ನಿನ್ನ ಕಾರು ತಗಂಡು ಹೋಗು" ಎಂದಳು. ನಿನ್ನ ಕಾರು. ಮೊದಲ ಸಲ ಆ ಮಾತು ಕೇಳಿದ್ದು.

ಭಾವ ಕಾರನ್ನು ಕೊಟ್ಟಿಗೆಗೆ ತಳ್ಳಿಸಿದರು. ಭತ್ತ, ಅಡಿಕೆ ಬೆಳೆಯುವ ಮನುಷ್ಯ, ಆದರೆ ಪಂಪ್‌ಸೆಟ್ಟು, ಟಿಲ್ಲರು ಎಲ್ಲ ತಾವೇ ಬಿಚ್ಚುತ್ತಾರೆ. ಕಟ್ಟುವಾಗ ಒಂದೆರಡು ಬೋಲ್ಟು ಉಳಿಯುತ್ತವೆ, ಅವನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಡುತ್ತಾರೆ.

"ಆ ನಿಮ್ಮ ಬಸಣ್ಣ ಕಣ್ಣಂದಾಜಲ್ಲಿ ಕೂರಿಸಿದಾನೆ. ನಾವು ಸರಿಯಾಗಿ ಮಾಡಣ. ಬಿಚ್ಚು."

"ನೀವು ಬಿಚ್ಚಿ. ಸರದಿ ನಿಮ್ಮದು."

"ಸರದಿ ಹಬ್ಬದಿಂದ ಶುರು. ಇವತ್ತು ಇನ್ನೂ ನಿಂದೇ."

ಬೈದುಕೊಳ್ಳುತ್ತಲೇ ಬಿಚ್ಚಿದೆವು. ರೇಡಿಯೇಟರ್ ಇಳಿಸಿದೆವು. ನಟ್ಟಿಗೆ ಬಡಿದ ಏಟಿಗೆ ಪಕ್ಕದ ಮನೆಯ ನಾಯಿ ಊರು ಬಿಟ್ಟಿತು. ಮುಚ್ಚಳ ತೆಗೆದರೆ ಒಳಗೆ ಕ್ರ್ಯಾಂಕಿಗೆ ಪೋಣಿಸಿದ ಒಂದು ತಟ್ಟೆ. ಬಂದ ಎಣ್ಣೆಯನ್ನು ಸೀಲಿನ ಹತ್ತಿರ ಬಿಡದೆ ಚಿಮ್ಮಿಸುವ ತಟ್ಟೆ. ಅದರ ಕುಳಿ ಎಂಜಿನ್ನಿನ ಕಡೆಗೋ ಹೊರಗಡೆಗೋ ಎಂದು ನಮಗೆ ಜಗಳವಾಯಿತು. ಭಾವ ಒಳಗಡೆಗೆ ಎಂದರು. ಅವರು ಹೇಳಿದರಲ್ಲ ಎಂದೇ ನಾನು ಹೊರಗಡೆಗೆ ಎಂದೆ. ಕೊನೆಗೆ ನೋಡಿದರೆ ತಟ್ಟೆಯ ಮೇಲೆ ಮುಂದಿನ ಬದಿಗೆ ಗುರುತಿತ್ತು, ನಾನು ಹೇಳಿದ್ದೇ ಸರಿಯಿತ್ತು, ಬಸಣ್ಣ ಹಾಕಿದ್ದೂ ಹಾಗೆಯೇ ಇತ್ತು. ಗೆದ್ದೆ ಎಂದು ಖುಷಿಪಡುವಷ್ಟರಲ್ಲಿ ತಪ್ಪು ಅಲ್ಲೂ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹೊಸ ಸೀಲನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದೆವು. ಮುಚ್ಚಳದ ಬೋಲ್ಟುಗಳನ್ನು ಸಡಿಲವಾಗಿ ಇಟ್ಟು, ಮೊದಲು ಪುಲ್ಲಿಯನ್ನು ತೂರಿಸಿ, ಸೀಲು ಅದರ ಸುತ್ತ ನಡುವಿಗೆ ಬಂದ ಮೇಲೆ ಒಂದೊಂದನ್ನೇ ಬಿಗಿದೆವು. ರೇಡಿಯೇಟರ್ ಏರಿಸಿದೆವು. ಬೆನ್ನು ನೆಟ್ಟಗಾಗಲಿಲ್ಲ. ಭಾವ ಚಾವಿ ತಿರುಗಿಸಿದರು. ನಾನು ಮೊಣಕಾಲೂರಿ ಪುಲ್ಲಿಯ ಕೆಳಗೆ ಕಣ್ಣಿಟ್ಟೆ.

ಒಣಗಿದೆ. ಒಣಗಿದೆ. ಒಣಗಿಯೇ ಇದೆ.

ಟಪ್.

ಅಷ್ಟರಲ್ಲಿ ಆ ಎಣ್ಣೆಯ ಕಡ್ಡಿ, ನೂಲಿನ ಸಮೇತ, ನನ್ನ ಕಿವಿಯ ಪಕ್ಕದಲ್ಲಿ ಮೆಲ್ಲಗೆ ಮೇಲೆದ್ದು ನಿಂತಿತು, ನನ್ನನ್ನು ಅಣಕಿಸುವ ಹಾಗೆ. ಒತ್ತಿದೆ. ಎದ್ದಿತು. ಮತ್ತೆ ಒತ್ತಿದೆ. ಮತ್ತೆ ಎದ್ದಿತು. ನಾನು ಸಭ್ಯ ಮನುಷ್ಯ. ಗಿರಾಕಿಗಳಿಗೆ ಚಿಲ್ಲರೆ ಕೂಡ ಎರಡೂ ಕೈಯಲ್ಲಿ ಕೊಡುತ್ತೇನೆ. ಅಂಥ ನಾನು ಆ ಕಡ್ಡಿಯನ್ನು ಕಿತ್ತು, ಬಾಯಿಗೆ ಬಂದ ಒಂದು ಮಾತು ಅಂದು, ಕೊಟ್ಟಿಗೆಯ ಬಾಗಿಲಿನಿಂದ ಹಿತ್ತಲಿಗೆ ಬೀಸಿ ಎಸೆದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಭಾವ ಇವತ್ತಿಗೂ ಮೆಚ್ಚಿಕೊಳ್ಳುತ್ತಾರೆ.

ಎಸೆದ ಮರುಕ್ಷಣವೇ ಹೆದರಿಕೆ. ಕಡ್ಡಿ ಸಿಗದಿದ್ದರೆ? ಈಗ ಅಂಥ ಕಡ್ಡಿ ಎಲ್ಲಿ ಸಿಗುತ್ತದೆ? ಹಿತ್ತಲಿಗೆ ಓಡಿದೆ. ಅದು ಬಚ್ಚಲುಮನೆಯ ಗೋಡೆಗೆ ಬಡಿದು, ಒಲೆಯ ಪಕ್ಕದ ದಿಂಡಿನ ರಾಶಿಯಲ್ಲಿ ನೆಟ್ಟು ನಿಂತಿತ್ತು. ತೆಗೆದು ಒರೆಸುತ್ತಿದ್ದಾಗ ಭಾವ ಕೂಗಿದರು.

"ರಾಘು! ಬಾರೋ ಇಲ್ಲಿ! ನಿಂತು ಹೋಯ್ತು ಮಾರಾಯ!"

"ಎಂಜಿನ್ನಾ?"

"ಎಣ್ಣೆ!"

ಎಂಜಿನ್ನು ಓಡುತ್ತಲೇ ಇತ್ತು. ಕಡ್ಡಿ ಕಿತ್ತ ತೂತಿನಿಂದ ಭುಸುಭುಸು ಹೊಗೆ ಬರುತ್ತಿತ್ತು. ಪುಲ್ಲಿಯ ಕೆಳಗೆ ಮಾತ್ರ ಒಂದು ಹನಿಯೂ ಇಲ್ಲ. ಭಾವ ತೂತಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಸ್ವಲ್ಪ ಹೊತ್ತಿಗೆ ಟಪ್. ಹೆಬ್ಬೆರಳು ತೆಗೆದರು. ನಿಂತಿತು.

"ಇದರ ಹೊಟ್ಟೆಯಲ್ಲಿ ಗಾಳಿ ತುಂಬಿದೆ. ಹೋಗಕ್ಕೆ ದಾರಿ ಇಲ್ದೆ ಸೀಲ್ ಕಡೆ ಎಣ್ಣೆ ನೂಕ್ತಿದೆ. ಇದಕ್ಕೆ ಉಸಿರು ಬಿಡಕ್ಕೆ ಒಂದು ಕೊಳವೆ ಇರಬೇಕಲ್ದಾ?"

ಇತ್ತು. ಎಂಜಿನ್ನಿನ ಪಕ್ಕದಿಂದ ಹೊರಟು, ಹಿಂದೆ ಮರೆಯಲ್ಲಿ ಇಳಿದು, ನೆಲದ ಕಡೆಗೆ ಬಾಯಿ ತೆರೆಯುವ ಕೊಳವೆ. ಮೇಲಿನಿಂದ ತಲೆ ತೂರಿಸಿದ ಯಾರಿಗೂ ಕಾಣದ ಜಾಗ. ಎಂಜಿನ್ನು ಆರಿಸಿ, ಭಾವ ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿದರು. ಬಹಳ ಹೊತ್ತು ಗೊಣಗಿದರು, ತಿರುವಿದರು, ಎಳೆದರು. ಆಮೇಲೆ ಒಂದು ಕೈ ಹೊರಗೆ ಬಂತು. ಕೈಯಲ್ಲಿ, ಬಟ್ಟೆ ಸುತ್ತಿದ, ಎಣ್ಣೆ ಕುಡಿದು ಉಬ್ಬಿ ಕರ್ರಗಾದ, ಒಂದು ಮೆಕ್ಕೆಜೋಳದ ದಿಂಡು.

ನಾನು ಬಚ್ಚಲ ಕಡೆ ನೋಡಿದೆ. ಅಡಿಯಿಂದ ಎದ್ದ ಭಾವನೂ ನೋಡಿದರು. ಆ ಒಲೆಗೆ ದಿಂಡು ತುರುಕುವವರು ಆ ಮನೆಯಲ್ಲಿ ಒಬ್ಬರೇ.

ಇಷ್ಟು ತಿಂಗಳು ನಾನು ಭಾವನಿಗೆ ಬೈದಿದ್ದೆ, ಭಾವ ನನಗೆ ಬೈದಿದ್ದರು, ಇಬ್ಬರೂ ಬಸಣ್ಣನಿಗೆ ಬೈದಿದ್ದೆವು. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಿಮ್ಮಕ್ಕಂಗೆ ನೀನೇ ಹೇಳು."

"ನಿಮ್ಮ ಹೆಂಡ್ತಿಗೆ ನೀವೇ ಹೇಳಿ."

"ಒಲೆಗೆ ಹಾಕ್ಬಿಡಣ. ಯಾರಿಗೂ ಗೊತ್ತಾಗಲ್ಲ."

ಆ ಗಳಿಗೆಯಲ್ಲಿ ಭಾವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಆದರೆ ಒಲೆಯ ತನಕ ಹೋಗಲಾಗಲಿಲ್ಲ. ಅಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅದನ್ನ ಯಾಕ್ ಕಿತ್ರಿ?"

ಭಾವ ದಿಂಡನ್ನು ತಿರುಗಿಸಿ ನೋಡಿದರು. "ಇಲಿ ತಂದು ಇಟ್ಟಿದೆ ಕಣೇ. ಕೊಳವೆ ಒಳಗೆ."

"ಇಲಿಗೆ ನನ್ನ ಹಳದಿ ಸೀರೆ ಅಂಚು ಎಲ್ಲಿ ಸಿಕ್ತು? ನಾನೇ ಹಾಕಿದ್ದು. ಆಯುಧಪೂಜೆ ದಿನ ಅಡಿ ತೊಳೆಯುವಾಗ ನೋಡಿದ್ರೆ ಕಣಜ ಮಣ್ಣು ತಂದು ತಂದು ಆ ತೂತಿಗೆ ಹೋಗ್ತಿತ್ತು. ಅಪ್ಪ ಇದ್ದಿದ್ರೆ ಮೊದಲು ಅದನ್ನೇ ಮುಚ್ತಿದ್ದ. ಮುಚ್ಚಿದೆ. ಅದಕ್ಕೆಂತ ಈಗ?"

ನಾನು ಕಡ್ಡಿಯ ತೂತನ್ನು ನೋಡಿದೆ, ಭಾವ ಚಹಾ ನೋಡಿದರು. ಅಕ್ಕ ದಡ್ಡಿಯಲ್ಲ. ದಿಂಡು ನೋಡಿದಳು, ಒಣಗಿದ ನೆಲ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಮುಖ ಸಣ್ಣದಾಯಿತು. ನಾನು ಅವಳ ಮುಖ ಹಾಗೆ ಆದದ್ದನ್ನು ನೋಡಿದವನಲ್ಲ. ಅಂಬ್ಲಿಗೊಳದ ಏರಿಯ ಮೇಲೆ ಚಪ್ಪಾಳೆ ತಟ್ಟಿದವಳು.

ಎಲ್ಲಿತ್ತೋ, ನನ್ನ ಬಾಯಿಗೆ ಬಂತು. "ಅಪ್ಪಂದು ಹಾರಿಹೋಯ್ತು ಕಣಕ್ಕಾ. ನಿಂದು ಆರು ತಿಂಗಳು ಗಟ್ಟಿ ಕೂತಿತ್ತು."

ಅವಳ ಮುಖದಲ್ಲಿ ರಕ್ತ ವಾಪಸು ಬಂದದ್ದನ್ನು ನೋಡಿದೆ. ಚಹಾದ ತಟ್ಟೆಯನ್ನು ಬಾನೆಟ್ಟಿನ ಮೇಲೆ ಕುಕ್ಕಿದಳು.

"ಏ ರಾಘ್ಯಾ, ಆರು ತಿಂಗಳು ಇಬ್ಬರು ಗಂಡಸರು, ಒಬ್ಬರಾದರೂ ಒಮ್ಮೆ ಅಲ್ಲಿ ಬಗ್ಗಿ ನೋಡಾಕ ಆಗ್ಲಿಲ್ಲೇನೋ ನಿಮಗ? ಬರೇ ಬೈದಾಡೋದ ಆತು! ಕಾರು ಎಲ್ಲಿಗೂ ಹೋಗಲ್ಲ. ನಾಳಿಂದ ನಂದು. ವಿಜಯದಶಮಿಗೆ ಬಂದು ತಗಂಡು ಹೋಗು."

ಶಿಕಾರಿಪುರದ ಮಾತು ಅಷ್ಟು ಇಂಪಾಗಿ ನನ್ನ ಕಿವಿಗೆ ಎಂದೂ ಕೇಳಿರಲಿಲ್ಲ.

ಹಬ್ಬ ಉಂಡು ಬಸ್ಸಿಗೆ ಬಂದೆ. ಶಿರಾಳಕೊಪ್ಪದವರೆಗೂ ಒಂದು ಕಸಿವಿಸಿ. ಭಾವನ ಮೇಲಿನ ಸಿಟ್ಟು ಹೋಯಿತು, ಅಕ್ಕನ ಮೇಲೆ ಸಿಟ್ಟು ಮಾಡುವಂತಿಲ್ಲ, ಬಸಣ್ಣನ ಮೇಲೆ ಮಾಡಬಹುದು, ಆದರೆ ಅವನ ಸೀಲೂ ಸರಿಯಾಗಿಯೇ ಇತ್ತು. ಇಷ್ಟು ಸಿಟ್ಟು ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ? ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟ ಕಂಡಕ್ಟರನ ಮೇಲೆ ಸ್ವಲ್ಪ ಖರ್ಚು ಮಾಡಿದೆ. ಇನ್ನು ದಸರೆಯವರೆಗೆ ಫೋನು ಮಾಡಲು ಒಂದು ನೆಪವೂ ಇಲ್ಲವಲ್ಲ ಎಂಬುದು ಹೊಳೆದದ್ದು ಊರು ಹತ್ತಿರ ಬಂದಾಗ.

ಆ ವಾರವೇ ಅಕ್ಕನ ಫೋನು.

"ಕಣಜ ಮತ್ತೆ ಬಂದಿದೆ ಮಾರಾಯ. ಅದೇ ಕೊಳವೆಗೆ ಹೋಗ್ತಿದೆ. ಎಂತ ಮಾಡ್ಲಿ?"

"ಮುಚ್ಚಬೇಡ!" ಎಂದು ನಾನು ಕಿರುಚಿದ್ದಕ್ಕೆ ಅಂಗಡಿಗೆ ಬಂದಿದ್ದ ಹೆಂಗಸು ಕೊಡೆ ಮುಚ್ಚುವುದನ್ನು ಬಿಟ್ಟು ನಿಂತಳು. "ಏನೂ ಮುಟ್ಟಬೇಡ ಅಕ್ಕಾ. ನಾನು ಬರ್ತೀನಿ."

ಭಾನುವಾರ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಸುರುಳಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸರದಿಯಿಲ್ಲದೆ, ಹಬ್ಬವಿಲ್ಲದೆ, ದಿಂಡಿನ ಚೀಲವೂ ಇಲ್ಲದೆ, ಒಂದು ಸುರುಳಿ ಬಟ್ಟೆಗಾಗಿ ಸೊರಬಕ್ಕೆ ಹೋದದ್ದು ಅದೇ ಮೊದಲು. ಕಾರಿನ ಅಡಿಗೆ ನುಸುಳಿ ಕೊಳವೆಯ ಬಾಯಿಗೆ ಬಟ್ಟೆಯನ್ನು ಒಂದೇ ಪದರ ಹೊದಿಸಿ ಕಟ್ಟಿದೆ. ಗಾಳಿ ಹೋಗಬೇಕು, ಕಣಜ ಹೋಗಬಾರದು. ನನ್ನ ವೃತ್ತಿಯಲ್ಲಿ ಇಷ್ಟು ಸಮಾಧಾನದ ಬ್ಯಾಂಡೇಜು ನಾನು ಕಟ್ಟಿದ್ದಿಲ್ಲ.

ಹೊರಗೆ ಬಂದು ಧೂಳು ಕೊಡವಿಕೊಳ್ಳುವಷ್ಟರಲ್ಲಿ ಅಕ್ಕ ಅಡಿಗೆ ಇಣುಕಿ, ಕೈ ಹಾಕಿ, ಗಂಟು ಎಳೆದು ನೋಡಿದಳು. ಸಡಿಲವಿತ್ತಂತೆ. ಪೂರ್ತಿ ಬಿಚ್ಚಿ ತಾನೇ ಬೇರೆ ಕಟ್ಟತೊಡಗಿದಳು.

"ಒಂದು ಗಂಟು ಹಾಕಾಕ ಬರಲ್ಲೇನೋ ನಿನಗ? ಇಷ್ಟಕ್ಕ ಅಲ್ಲಿಂದ ಬಂದ್ಯಾ?"

"ಗಟ್ಟಿ ಕಟ್ಟಬೇಡ ಅಂದ್ನಲ್ಲ! ಅದು ಉಸಿರಾಡಬೇಕು!"

"ನನಗ ಹೇಳಿಕೊಡ್ಬ್ಯಾಡ!"

ಜಗಲಿಯಿಂದ ಭಾವ, "ಊಟ ಮಾಡ್ಕಂಡು ಜಗಳ ಮಾಡಿ, ಅನ್ನ ಆರ್ತದೆ" ಎಂದು ಕೂಗಿದರು. ನನಗೆ ಬಂದ ಸಿಟ್ಟು ಹೇಳತೀರದು. ಬಸ್ಸು ಹಿಡಿದು, ಒಂದು ಭಾನುವಾರ ಹಾಳು ಮಾಡಿಕೊಂಡು, ಎಣ್ಣೆಯಲ್ಲಿ ಹೊರಳಾಡಿ ಕಟ್ಟಿದ ಗಂಟು! ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಊಟವಿಡೀ ಗಂಟಿನದೇ ಜಗಳ. ಸಂಜೆಯ ಬಸ್ಸು ತಪ್ಪಿಹೋಯಿತು.